ತಪ್ಪು ಕಿವಿಯದೋ, ಕೈಯದೋ?



ಈ ತಿಂಗಳು ಬರವಣಿಗೆಯ ವಿಷಯ. ಎಂಟು ವರ್ಷದ ಹುಡುಗನೊಬ್ಬ ರಜೆಯ ಬಗ್ಗೆ ಹೀಗೆ ಬರೆದ ಅಂದುಕೊಳ್ಳಿ: "ನಾನು ಅಜಿ ಮನೆಗೆ ಹೋದೆ. ಅಲಿ ಎಮೆ ಇತು."

ಎರಡು ಸಾಲಿಗೆ ನಾಲ್ಕು ತಪ್ಪು. ಕೆಂಪು ಪೆನ್ನು ತೆಗೆಯುವ ಮೊದಲು ಇನ್ನೊಮ್ಮೆ ಓದಿ. ನಾಲ್ಕೂ ಒಂದೇ ಜಾತಿಯ ತಪ್ಪು, ಒತ್ತಕ್ಷರ ಬಿಟ್ಟುಹೋಗಿದೆ. ವಾಕ್ಯ ಸರಿಯಿದೆ, "ಮನೆಗೆ" ಸರಿಯಿದೆ, "ಹೋದೆ" ಸರಿಯಿದೆ. "ಇವನಿಗೆ ಕನ್ನಡ ಬರಲ್ಲ" ಅನ್ನುವುದು ಸುಳ್ಳು. "ಇವನಿಗೆ ಇನ್ನೂ ಒತ್ತು ಬರಲ್ಲ" ಅನ್ನುವುದು ನಿಜ. ಮೊದಲನೆಯ ಮಾತು ಕೇಳಿದ ಮಗು ಪೆನ್ಸಿಲ್ ಕೆಳಗಿಡುತ್ತದೆ. ಎರಡನೆಯದಕ್ಕೆ ಔಷಧವಿದೆ.

ಬರೆಯುವುದೆಂದರೆ ಹಲವು ಕೆಲಸ ಒಟ್ಟಿಗೆ. ಹೇಳಲು ವಿಷಯ ಬೇಕು, ಪದ ಬೇಕು. ಕಿವಿ ಶಬ್ದ ಬಿಡಿಸಬೇಕು, ಅಕ್ಷರ ನೆನಪಾಗಬೇಕು, ಕೈ ಓಡಬೇಕು. ಅಕ್ಷರ ಹುಡುಕುವುದರಲ್ಲೇ ಗಮನವೆಲ್ಲ ಹೋದರೆ ಕತೆ ಮರೆತುಹೋಗುತ್ತದೆ.

ಇಲ್ಲಿನ ಶಾಲೆಗಳು ಇವನ್ನು ಬೇರೆ ಬೇರೆಯಾಗಿ ನೋಡುತ್ತವೆ. ಫೋರ್‌ಸ್ಕೂಲೆಕ್ಲಾಸ್‌ನ ಆರು ವರ್ಷದವರಿಗೆ 2019ರ ಜುಲೈನಿಂದ "ಹಿತ್ತಾ ಸ್ಪ್ರೋಕೆತ್" ಕಡ್ಡಾಯ. ಮಗು ಹೇಗೆ ವಿವರಿಸುತ್ತದೆ, ಹೇಗೆ ಕೇಳಿಸಿಕೊಂಡು ಮಾತಾಡುತ್ತದೆ, ಅಕ್ಷರ ಮತ್ತು ಚಿಹ್ನೆ ಹೇಗೆ ಬಳಸುತ್ತದೆ, ಪದ ಮತ್ತು ಶಬ್ದ ಹೇಗೆ ಗುರುತಿಸುತ್ತದೆ ಎಂದು ಟೀಚರ್ ಗಮನಿಸುತ್ತಾರೆ. ಅದೆಲ್ಲ ಸ್ವೀಡಿಷ್‌ಗೆ. ನಮ್ಮ ಕನ್ನಡಕ್ಕೆ? ಸೊಲ್ಲೆಂಟುನಾದ ನಮ್ಮ ಅಡುಗೆಮನೆ ಮೇಜೇ ಸಾಕು. ಹದಿನೈದು ನಿಮಿಷ ಕೊಡಿ.

ಮೊದಲು ಹೇಳಿಸಿ. "ಅಜ್ಜಿ ಮನೇಲಿ ಏನೇನು ಮಾಡಿದೆ?" ನಡುವೆ ತಿದ್ದಬೇಡಿ. ಬಾಯಲ್ಲೇ ಎರಡು ವಾಕ್ಯವಾದರೆ ಹಾಳೆಯ ಮೇಲೆ ಹತ್ತು ಬರುವುದಿಲ್ಲ. ಆಗ ಕಾಪಿ ಪುಸ್ತಕ ಬೇಡ, ಅಜ್ಜಿಗೆ ಇನ್ನಷ್ಟು ಫೋನ್ ಮಾಡಿಸಿ.

ಆಮೇಲೆ ಕೇಳಿಸಿ. "ಕತೆ, ಕತ್ತೆ, ಎರಡೂ ಒಂದೇನಾ?" ಗ್ಲಾಸ್ ಅಂದರೆ ಲೋಟ, ಗ್ಲಸ್ಸ್ ಅಂದರೆ ಐಸ್‌ಕ್ರೀಮ್ ಎಂದು ತಿಳಿದ ಸ್ವೀಡನ್ನಿನ ಮಗುವಿನ ಕಿವಿ ಈ ವ್ಯತ್ಯಾಸಕ್ಕೆ ಹೊಸತಲ್ಲ. ವ್ಯತ್ಯಾಸ ಗೊತ್ತಾದರೆ ಅವೇ ಪದಗಳನ್ನು ಉಕ್ತಲೇಖನ ಕೊಡಿ. ಕೇಳಿ ಗುರುತಿಸಿದ್ದನ್ನು ಬರೆಯಲಾಗದಿದ್ದರೆ ಕೊರತೆ ಅಕ್ಷರದ್ದು. ವಾರಕ್ಕೆ ಎರಡೇ ಒತ್ತು ಕಲಿಸಿ.

ಮೂರನೆಯದು, ಮೂರು ಸಾಲು ನೋಡಿ ಬರೆಯಲಿ. ಅಷ್ಟಕ್ಕೇ ಕೈ ಸೋತರೆ ಅದು ಕೈಯ ಅಭ್ಯಾಸದ ಮಾತು.

ಕೊನೆಗೆ ಸ್ವಂತವಾಗಿ ಬರೆಯಲಿ. ಉಳಿದದ್ದೆಲ್ಲ ಸರಿಯಿದ್ದೂ ಹಾಳೆ ಖಾಲಿಯಿದ್ದರೆ ಎಲ್ಲಿಂದ ಶುರುಮಾಡಬೇಕೆಂದು ತಿಳಿದಿಲ್ಲ. ಮೂರು ಚೌಕ ಎಳೆದುಕೊಡಿ: ಮೊದಲು, ಆಮೇಲೆ, ಕೊನೆಗೆ.

ಆತುರ ಬೇಡ. ಸ್ವೀಡಿಷ್‌ನಲ್ಲಿ 29 ಅಕ್ಷರ, ನಮ್ಮಲ್ಲಿ ಕಾಗುಣಿತ, ಒತ್ತು ಸೇರಿ ನೂರಾರು ರೂಪ. ಕರ್ನಾಟಕದಲ್ಲಿ ದಿನವೂ ಕನ್ನಡ ಓದುವ ಮಕ್ಕಳಿಗೇ ಇವೆಲ್ಲ ಕೈವಶವಾಗಲು ಹಲವು ವರ್ಷ ಬೇಕೆಂದು ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ವಾರಕ್ಕೊಮ್ಮೆ ಕಲಿಯುವ ನಮಗೆ ಇನ್ನಷ್ಟು ಸಮಯ ಕೊಡಿ. ಆದರೆ ಸ್ವೀಡಿಷ್‌ನಲ್ಲೂ ಅದೇ ತೊಡಕು ಕಂಡರೆ ಶಾಲೆಯ ಸ್ಪೆಸಿಯಾಲ್‌ಪೆಡಗೋಗ್ ಜೊತೆ ಮಾತಾಡಿ.

ಗೆಳೆಯರೇ, ನಿಮಗೊಂದು ಕೆಲಸ. ಹಳೆಯ ಪುಟವೊಂದನ್ನು ತೆಗೆದು ತಪ್ಪುಗಳನ್ನು ಗುಂಪು ಮಾಡಿ: ಒತ್ತು, ದೀರ್ಘ, ಲ ಮತ್ತು ಳ. ಯಾವ ಗುಂಪು ದೊಡ್ಡದೋ ಅದೇ ಈ ತಿಂಗಳ ಪಾಠ. ಹತ್ತು ತಪ್ಪು ಎಂದು ಹೆದರಿದ್ದು ಎರಡೇ ವಿಷಯ ಅಂತ ಗೊತ್ತಾಗಬಹುದು.

ಮುಂದಿನ ತಿಂಗಳು ಸಿಗೋಣ.