ಸದ್ದು ಮಾಡುವುದೂ ಹಕ್ಕಾಗಬಹುದೆ?

ಲಂಡನ್ನಿನ ವಿಗ್‌ಮೋರ್ ಬೀದಿಯಲ್ಲಿ ಒಬ್ಬ ಮಿಠಾಯಿ ತಯಾರಕನಿದ್ದ. ಅವನ ಅಡುಗೆಮನೆಯಲ್ಲಿ ಎರಡು ದೊಡ್ಡ ಒರಳುಗಳು. 20 ವರ್ಷಕ್ಕೂ ಹೆಚ್ಚು ಕಾಲ ಅವುಗಳಲ್ಲಿ ಕುಟ್ಟುವ ಕೆಲಸ ನಡೆದಿತ್ತು. ಯಾರ ತಕರಾರೂ ಇರಲಿಲ್ಲ. ಹಿಂಬದಿಯ ಮನೆಯ ವೈದ್ಯರು 1873ರಲ್ಲಿ ತಮ್ಮ ತೋಟದ ತುದಿಗೆ, ಆ ಅಡುಗೆಮನೆಗೆ ಹೊಂದಿಕೊಂಡಂತೆ, ರೋಗಿಗಳನ್ನು ಪರೀಕ್ಷಿಸುವ ಕೋಣೆ ಕಟ್ಟಿಸಿದರು. ಎದೆಬಡಿತ ಕೇಳಲು ಹೋದರೆ ಒರಳಿನ ಬಡಿತ! ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. ಇಷ್ಟು ವರ್ಷ ಮಾಡಿಕೊಂಡು ಬಂದದ್ದು ತನ್ನ ಹಕ್ಕೆಂದು ಮಿಠಾಯಿಯವನು ವಾದಿಸಿದ.

ಆ ವಾದಕ್ಕೆ ಆಧಾರವಿತ್ತು. ಇನ್ನೊಬ್ಬರ ಸ್ವತ್ತಿನ ಮೇಲೆ ನಮ್ಮ ಸ್ವತ್ತಿಗಿರುವ ಸೀಮಿತ ಹಕ್ಕಿಗೆ 'ಈಸ್‌ಮೆಂಟ್' ಎಂದು ಹೆಸರು. ಪಕ್ಕದವರ ಹೊಲದಲ್ಲಿ ಹಾದುಹೋಗುವ ದಾರಿ ಇದಕ್ಕೆ ಸುಲಭ ಉದಾಹರಣೆ. ಈ ಹಕ್ಕು ಪತ್ರದ ಮೂಲಕ ಬರಬಹುದು; ಬಲವಂತವಿಲ್ಲದೆ, ಬಹಿರಂಗವಾಗಿ, ಅಪ್ಪಣೆ ಕೇಳದೆ 20 ವರ್ಷ ಬಳಸಿದರೂ ಬರಬಹುದು. ನಮ್ಮ 1882ರ ಈಸ್‌ಮೆಂಟ್ ಕಾಯಿದೆಯಲ್ಲೂ ಇದೇ 20 ವರ್ಷದ ಲೆಕ್ಕವಿದೆ. ಮನೆ ಕೈ ಬದಲಿಸಿದರೂ ಹಕ್ಕು ಅಳಿಯುವುದಿಲ್ಲ. ಕೊಂಡವನು ಅದರ ಭಾರವನ್ನೂ ಹೊರಬೇಕು.

ಆದರೂ 1879ರಲ್ಲಿ ವೈದ್ಯರೇ ಗೆದ್ದರು. ಕೋಣೆ ಕಟ್ಟುವವರೆಗೆ ಸದ್ದಿನಿಂದ ಯಾರಿಗೂ ತೊಂದರೆಯಿರಲಿಲ್ಲ. ದೂರಲು ಕಾರಣವೇ ಇಲ್ಲದಾಗ ಸುಮ್ಮನಿದ್ದವರು ಹಕ್ಕು ಕಳೆದುಕೊಳ್ಳುವುದು ಹೇಗೆ? ವರ್ಷಗಳ ಎಣಿಕೆ ಶುರುವಾಗುವುದು ತೊಂದರೆ ಆರಂಭವಾದ ದಿನದಿಂದ.

ಇದೇ ಪ್ರಶ್ನೆ 2014ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಮುಂದೆ ಬಂತು. ಸಫೊಕ್ ಪ್ರಾಂತದಲ್ಲಿ ಜೋಡಿಯೊಂದು 2006ರಲ್ಲಿ ಮೋಟಾರ್ ಪಂದ್ಯದ ಕ್ರೀಡಾಂಗಣದ ಸಮೀಪ ಮನೆ ಕೊಂಡಿತ್ತು. ಸದ್ದು ಮಾಡುವುದೂ ಈಸ್‌ಮೆಂಟ್ ಹಕ್ಕಾಗಬಹುದು ಎಂದು ನ್ಯಾಯಾಲಯ ಒಪ್ಪಿತು. ಆದರೆ ಸಹಿಸಲಾಗದ ಸದ್ದು 20 ವರ್ಷ ನಡೆದಿತ್ತೆಂದು ಕ್ರೀಡಾಂಗಣದವರು ಸಾಬೀತುಪಡಿಸಲಿಲ್ಲ. ಸದ್ದಿರುವ ಕಡೆಗೆ ಆಮೇಲೆ ಬಂದವರು ಎಂಬುದೊಂದೇ ದೂರನ್ನು ತಳ್ಳಿಹಾಕಲು ಸಾಲದು ಎಂದೂ ತೀರ್ಪು ಹೇಳಿತು. ಸದ್ದಿಗೆ ಮಿತಿ ಬಿತ್ತು. ಆದರೆ ಮನೆ ಕೊಂಡು ಎಂಟು ವರ್ಷ ಕಳೆದಿತ್ತು! ಎಲ್ಲ ಪ್ರಕರಣಗಳಲ್ಲೂ ಸದ್ದು ನಿಲ್ಲಬೇಕೆಂದೇನಿಲ್ಲ. ಬದಲಿಗೆ ಪರಿಹಾರದ ಹಣ ಕೊಡಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ.

ಓದುವ ಮಕ್ಕಳಿರುವ ತಂದೆತಾಯಿಗಳು ಮನೆ ನೋಡಲು ಭಾನುವಾರ ಬೆಳಿಗ್ಗೆ ಒಮ್ಮೆ ಹೋಗಿಬಂದರೆ ಸಾಲದು. ಕೆಲಸದ ದಿನವೂ ಹೋಗಬೇಕು, ರಾತ್ರಿಯೂ ನಿಂತು ಕೇಳಬೇಕು. ಸದ್ದು ಎಷ್ಟು ವರ್ಷದ್ದೆಂದು ನೆರೆಯವರನ್ನು ವಿಚಾರಿಸಬೇಕು. ಪತ್ರಗಳಲ್ಲಿ ಅಂಥ ಹಕ್ಕು ಬರೆದುಕೊಟ್ಟಿದೆಯೇ ಎಂದು ವಕೀಲರಿಂದ ನೋಡಿಸಬೇಕು. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತಿದೆ. ಹಳೆಯ ಮಾಲೀಕನ 20 ವರ್ಷದ ಮೌನಕ್ಕೆ ಹೊಸಬನೇ ಬೆಲೆ ತೆರಬೇಕಾದೀತು.