ನಮ್ಮ ಕಾರು ಹೊಳೀಲಿ, ಉಜ್ಜೋ ಕೈಗೂ ಬೆಲೆ ಸಿಗಲಿ



ಈ ವಾರ ನನಗೆ ಎರಡು ಪ್ರಶ್ನೆ ಬಂದವು. ಎರಡೂ ಕಾರಿನ ಬಗ್ಗೆ.

ಮೊದಲನೇದು ಹಿರಿಯ ಸಂಗಾತಿಯೊಬ್ಬರದು. "ಅಲ್ಲಪ್ಪಾ, ಪಿಟಿಸಿಎಲ್ ಭೂಮಿಗೋಸ್ಕರ ಜನ ಬಿಸಿಲಲ್ಲಿ ಕೂತವ್ರೆ, ನೀನು ಭಾನುವಾರ ಬಂದ್ರೆ ಕಾರಿಗೆ ವ್ಯಾಕ್ಸ್ ತಿಕ್ತಾ ಕೂರ್ತೀಯಂತೆ. ಹೋರಾಟಗಾರನಿಗೆ ಈ ಶೋಕಿ ಬೇಕಾ?"

ಎರಡನೇದು ಐರಾವತ ಯೋಜನೆಯ ಸಹಾಯಧನದಲ್ಲಿ ಟ್ಯಾಕ್ಸಿ ತಗೊಂಡ ಒಬ್ಬ ತಮ್ಮನದು. "ಅಣ್ಣಾ, ಇಲ್ಲೊಂದು ಅಂಗಡಿಲಿ ಸೆರಾಮಿಕ್ ಕೋಟಿಂಗ್ ಮಾಡಿಸು, ಐದು ವರ್ಷ ಕಾರಿನ ಚಿಂತೆ ಇಲ್ಲ, 28 ಸಾವಿರ ಅಂತಾವ್ರೆ. ಕಂತಲ್ಲಿ ಬೇಕಾದ್ರೂ ಕಟ್ಟಬಹುದಂತೆ. ಮಾಡಿಸ್ಲಾ?"

ತಮ್ಮನಿಗೆ ಬೇಡ ಅಂದೆ. ಸಂಗಾತಿಗೆ ಬೇಕು ಅಂದೆ. ಯಾಕೆ ಅಂತ ಬರೀತೀನಿ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ.

ಮೊದಲು ಸಂಗಾತಿಯ ಪ್ರಶ್ನೆ.

ನನ್ನದು ಸೆಕೆಂಡ್ ಹ್ಯಾಂಡ್ ಸ್ವಿಫ್ಟ್. ಕಡು ನೀಲಿ, ಮೆಟಾಲಿಕ್. ಹಿಂದಿನ ಗಾಜಿನ ಮೇಲೆ ಬಾಬಾಸಾಹೇಬರಿದ್ದಾರೆ. ನಮ್ಮ ವಂಶದಲ್ಲಿ ಇದೇ ಮೊದಲನೇ ಕಾರು. ನಮ್ಮಪ್ಪ ಊರಿನ ದೊಡ್ಡ ಮನೆಯ ಎತ್ತು ತೊಳೆದರು, ಗಾಡಿ ತೊಳೆದರು, ಆಮೇಲೆ ಅವರ ಅಂಬಾಸಿಡರ್ ಕಾರನ್ನೂ ತೊಳೆದರು. ತೊಳೆಯೋಕೆ ಮುಟ್ಟಬಹುದಿತ್ತು. ಒಳಗೆ ಕೂರೋ ಹಾಗಿರಲಿಲ್ಲ.

ಸರಳವಾಗಿ ಬದುಕಬೇಕು ಅನ್ನೋ ಮಾತು ಇದ್ದವರ ಬಾಯಲ್ಲಿ ಚೆನ್ನಾಗಿ ಕೇಳಿಸುತ್ತೆ. ಮೂರು ತಲೆಮಾರು ಕಾರಲ್ಲಿ ಓಡಾಡಿದವರು ಒಂದಿನ ಸೈಕಲ್ ಹತ್ತಿದ್ರೆ ಅದು ಆದರ್ಶ. ಮೂರು ತಲೆಮಾರು ಬರಿಗಾಲಲ್ಲಿ ನಡೆದವರು ಸೈಕಲ್ ಹತ್ತಿದ್ರೆ ಊರಿನ ಕಣ್ಣು ಕೆಂಪಾಗುತ್ತೆ. 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಸೇರಿದ್ದ ನಮ್ಮ ಹೆಣ್ಣುಮಕ್ಕಳಿಗೆ ಬಾಬಾಸಾಹೇಬರು ಏನು ಹೇಳಿದ್ರು ನೆನಪು ಮಾಡ್ಕೊಳ್ಳಿ. ಜಾತಿಯ ಗುರುತು ಹೇಳೋ ಥರ ಸೀರೆ ಉಡೋದನ್ನ ಬಿಡಿ, ಮೈಮೇಲೆ ಹೇರಿಕೊಂಡ ಆ ಭಾರದ ಒಡವೆಗಳನ್ನ ಬಿಡಿ, ಶುಚಿಯಾಗಿರಿ ಅಂದ್ರು. ಚೌದಾರ್ ಕೆರೆಯ ನೀರಿನ ಹಕ್ಕು ಕೇಳಿದ ಅದೇ ಹೋರಾಟದಲ್ಲೇ ಈ ಮಾತೂ ಹುಟ್ಟಿದ್ದು. ಹೋರಾಟ ಬೇರೆ, ತೊಡೋದು ಉಡೋದು ಬೇರೆ ಅಂತ ಅವರು ಭಾಗ ಮಾಡಲಿಲ್ಲ.

ನಮ್ಮ ಕಾಲಕ್ಕೇ ಬನ್ನಿ. 2018ರ ಮಾರ್ಚ್‌ನಲ್ಲಿ ಗುಜರಾತಿನ ಭಾವನಗರ ಜಿಲ್ಲೆಯ ಟಿಂಬಿಯಲ್ಲಿ 21 ವರ್ಷದ ದಲಿತ ಹುಡುಗನ ಕೊಲೆ ಆಯ್ತು. ಕುದುರೆ ಸಾಕಿ ಸವಾರಿ ಮಾಡ್ತಿದ್ದ, ಅದಕ್ಕೇ ಕೊಂದರು ಅಂತ ಮನೆಯವರು ದೂರು ಕೊಟ್ಟರು. 2025ರ ಫೆಬ್ರವರಿಯಲ್ಲಿ ತಮಿಳುನಾಡಿನ ಶಿವಗಂಗಾ ಜಿಲ್ಲೆಯಲ್ಲಿ ಕಾಲೇಜು ಓದೋ ದಲಿತ ಹುಡುಗನ ಕೈಗಳಿಗೆ ಮಚ್ಚು ಬೀಸಿದರು. ಬುಲೆಟ್ ಓಡಿಸಿದ್ದಕ್ಕೆ ಅಂತ ದೂರು. ಕುದುರೆ, ಬುಲೆಟ್, ಮೀಸೆ, ಕೂಲಿಂಗ್ ಗ್ಲಾಸು. ನಮ್ಮ ಕೈಗೆ ಬಂದ ಹೊಳೆಯೋ ವಸ್ತು ಅವರ ಕಣ್ಣಿಗೆ ಬರೀ ವಸ್ತು ಅಲ್ಲ. ಹಾಗಿದ್ಮೇಲೆ ನಮಗೆ ಮಾತ್ರ ಅದು ಬರೀ ಶೋಕಿ ಹೇಗಾಗುತ್ತೆ ಸಂಗಾತಿ?

ಅದಕ್ಕೇ ಹೇಳ್ತೀನಿ, ನಮ್ಮ ಕಾರು ಹೊಳೀಬೇಕು. ಆದ್ರೆ ತಿಳ್ಕೊಂಡು ಹೊಳೆಸಬೇಕು. ಇಲ್ಲಿಂದ ತಮ್ಮನ ಪ್ರಶ್ನೆಗೆ ಬರ್ತೀನಿ.

ಈಗಿನ ಕಾರಿನ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಕ್ಲಿಯರ್ ಕೋಟ್ ಅನ್ನೋ ಪಾರದರ್ಶಕ ಪದರ ಇರುತ್ತೆ. ಹೊಳಪು ಇರೋದು ಆ ಕೊನೆಯ ಪದರದಲ್ಲಿ. ದಪ್ಪ ಸುಮಾರು 40-50 ಮೈಕ್ರಾನ್. ತಲೆಕೂದಲಿಗಿಂತ ತೆಳು ಅಂದ್ಕೊಳ್ಳಿ. ಮಿಷನ್ ಹಿಡಿದು ಕಾಂಪೌಂಡ್ ಹಾಕಿ ಉಜ್ಜಿದಾಗೆಲ್ಲ ಅದರಲ್ಲಿ ಸ್ವಲ್ಪ ಸವೆಯುತ್ತೆ. ಸವೆದದ್ದು ತಿರುಗಿ ಬರಲ್ಲ. ವರ್ಷಕ್ಕೆ ಮೂರು ಸಲ "ರಬ್ಬಿಂಗ್ ಪಾಲಿಶ್" ಮಾಡಿಸೋರು ಕಾರನ್ನ ಚೆನ್ನಾಗಿ ಇಟ್ಟುಕೊಂಡಿದ್ದೀವಿ ಅಂದ್ಕೋತಾರೆ, ಅಸಲಿಗೆ ತಿಂದು ಹಾಕ್ತಿರ್ತಾರೆ. ಪಾಲಿಶ್ ಬೇರೆ, ವ್ಯಾಕ್ಸ್ ಬೇರೆ. ಪಾಲಿಶ್ ಸವೆಸುತ್ತೆ, ವ್ಯಾಕ್ಸ್ ಹೊದಿಸುತ್ತೆ. ಈ ವ್ಯತ್ಯಾಸ ಗೊತ್ತಿದ್ರೆ ಅರ್ಧ ದುಡ್ಡು ಉಳೀತು. ಹಳೇ ಅಂಬಾಸಿಡರ್, ಪದ್ಮಿನಿ ಇಟ್ಕೊಂಡಿರೋರು ಇನ್ನೂ ಹುಷಾರಾಗಿರ್ಬೇಕು. ಅವುಗಳ ಹಳೇ ಬಣ್ಣಕ್ಕೆ ಕ್ಲಿಯರ್ ಕೋಟೇ ಇಲ್ಲ. ಪಾಲಿಶ್ ಮಾಡಿದ ಬಟ್ಟೆಗೆ ಕಾರಿನ ಬಣ್ಣವೇ ಹತ್ತಿಕೊಂಡ್ರೆ ಅಂಥದ್ದು ಅಂತ ಅರ್ಥ.

ಹೊದಿಸೋದರಲ್ಲಿ ಮೂರು ಬಗೆ. ಒಂದು, ಕಾರ್ನೌಬಾ ಮೇಣದ ವ್ಯಾಕ್ಸ್. ಕಡು ಬಣ್ಣದ ಮೇಲೆ ಇದರ ಹೊಳಪಿಗೆ ಸಾಟಿ ಇಲ್ಲ, ಒದ್ದೆ ಒದ್ದೆಯಾಗಿ ಕಾಣುತ್ತೆ. ಆದ್ರೆ ನಮ್ಮ ಬಿಸಿಲಿಗೆ ಒಂದೆರಡು ತಿಂಗಳು ಬಂದ್ರೆ ಹೆಚ್ಚು. ಎರಡು, ಸಿಂಥೆಟಿಕ್ ಸೀಲಂಟ್. ಹೊಳಪು ಸ್ವಲ್ಪ ಗಾಜಿನ ಥರ, ಬಾಳಿಕೆ ನಾಲ್ಕೈದು ತಿಂಗಳು. ಮೂರು, ಸೆರಾಮಿಕ್. ಸಿಲಿಕಾ ಇರೋ ದ್ರವ, ಕ್ಲಿಯರ್ ಕೋಟಿಗೆ ಅಂಟಿ ಗಟ್ಟಿಯಾಗುತ್ತೆ. ಸರಿಯಾಗಿ ಹಾಕಿ, ಸರಿಯಾಗಿ ತೊಳೀತಾ ಬಂದ್ರೆ ವರ್ಷಗಟ್ಟಲೆ ಬರುತ್ತೆ.

ಹಾಗಾದ್ರೆ ಸೆರಾಮಿಕ್ಕೇ ಒಳ್ಳೇದಲ್ವಾ? ಮನೇಲಿ ನೆರಳಲ್ಲಿ ನಿಲ್ಲೋ ಕಾರಿಗೆ, ದುಡ್ಡಿದ್ದವರಿಗೆ ಒಳ್ಳೇದೇ. ಆದ್ರೆ ಅಂಗಡಿಯವನು ಹೇಳದೇ ಬಿಡೋ ನಾಲ್ಕು ಮಾತಿವೆ. ಹಾಕೋ ಮುಂಚೆ ಗೀರುಗಳನ್ನ ಪಾಲಿಶ್ ಮಾಡಿ ತೆಗೀಬೇಕು, ಇಲ್ಲಾಂದ್ರೆ ಗೀರೂ ಒಳಗೇ ಉಳಿಯುತ್ತೆ. ಕಲ್ಲು ಸಿಡಿದ್ರೆ, ಎಮ್ಮೆ ಕೊಂಬು ತಾಗಿದ್ರೆ ಅದು ತಡೆಯಲ್ಲ. ಕಲ್ಲಿಗೆ ಬೇಕಾದ್ದು ಪಿಪಿಎಫ್ ಅನ್ನೋ ದಪ್ಪ ಫಿಲ್ಮು, ಅದು ಇನ್ನೂ ದುಬಾರಿ. ಬೋರ್‌ವೆಲ್ ನೀರು ಅದರ ಮೇಲೆ ಒಣಗಿದ್ರೆ ಬಿಳಿ ಕಲೆ ಕೂರುತ್ತೆ. ಎಲ್ಲಕ್ಕಿಂತ ಮುಖ್ಯವಾಗಿ, ತೊಳೆಯೋದು ತಪ್ಪಲ್ಲ. ಹಗಲೂ ರಾತ್ರಿ ರಸ್ತೆ ಮೇಲಿರೋ, ಹೊಂಗೆ ಮರದ ಕೆಳಗೆ ನಿಲ್ಲೋ, ಬಿಳೀ ಬಣ್ಣದ ಹಳದಿ ಬೋರ್ಡ್ ಗಾಡಿಗೆ ಸಾಲ ಮಾಡಿ 28 ಸಾವಿರ ಸುರಿಯೋದು ಬೇಡ ತಮ್ಮಾ. ಒಂದು ಬಾಟಲಿ ಸ್ಪ್ರೇ ಸೀಲಂಟ್ ತಗೋ, ಸಾವಿರದ ಆಸುಪಾಸಲ್ಲಿ ಆಗುತ್ತೆ. ಮಿಕ್ಕಿದ ದುಡ್ಡು ಇನ್ಶೂರೆನ್ಸಿಗೆ, ಟೈರಿಗೆ ಬೇಕು.

ವಿಧಾನ ಹೀಗೆ. ನೆರಳಲ್ಲಿ ನಿಲ್ಲಿಸು, ಬಾನೆಟ್ ತಣ್ಣಗಾಗ್ಲಿ. ಎರಡು ಬಕೆಟ್ ಇಟ್ಕೋ. ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಬಟ್ಟೆ ಪ್ರತಿ ಸಲ ಬರೀ ನೀರಲ್ಲಿ ಜಾಲಿಸಿ ಆಮೇಲೆ ಶಾಂಪೂಗೆ ಅದ್ದು. ಮೇಲಿಂದ ಕೆಳಕ್ಕೆ ಬಾ, ಚಕ್ರಕ್ಕೆ ಬೇರೆ ಬಟ್ಟೆ. ಪಾತ್ರೆ ತಿಕ್ಕೋ ಲಿಕ್ವಿಡ್, ಸರ್ಫ್ ಬೇಡ, ಇದ್ದ ವ್ಯಾಕ್ಸನ್ನೂ ಎಬ್ಬಿಸುತ್ತೆ. ಟೈರಿಗೆ ಡೀಸೆಲ್ ಬಳಿಯೋದು ಬಿಟ್ಬಿಡು, ರಬ್ಬರ್ ಹಾಳು. ಬೆಳಿಗ್ಗೆ ಎದ್ದು ಒಣ ಧೂಳಿನ ಮೇಲೆ ಒಣ ಬಟ್ಟೆ ಎಳೆಯೋದಂತೂ ಬೇಡವೇ ಬೇಡ. ಬಿಸಿಲಲ್ಲಿ ಜೇಡರ ಬಲೆ ಥರ ಕಾಣೋ ದುಂಡು ಗೀರು ಬರೋದು ಅಲ್ಲಿಂದಲೇ. ಒಣಗಿದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕ್ಕೊಂಡು ಬಾನೆಟ್ ಸವರಿ ನೋಡು. ತರಿತರಿ ಅನ್ನಿಸಿದ್ರೆ ಕ್ಲೇ ಬಾರ್ ಬೇಕು, ಶಾಂಪೂ ನೀರಿನ ಜಾರಿಕೆ ಮೇಲೆ ಮೆಲ್ಲಗೆ ಆಡಿಸು. ಆಮೇಲೆ ವ್ಯಾಕ್ಸೋ ಸೀಲಂಟೋ, ತೆಳ್ಳಗೆ, ಒಂದೊಂದೇ ಭಾಗ. ದಪ್ಪ ಹಚ್ಚಿದ್ರೆ ಹೊಳಪು ಹೆಚ್ಚಲ್ಲ, ಒರೆಸೋ ಕೆಲಸ ಹೆಚ್ಚುತ್ತೆ ಅಷ್ಟೇ.

ಇದಕ್ಕೆ ಪೈಪ್ ಬಿಡಬೇಕಾಗಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಕುಡಿಯೋ ನೀರಿಂದ ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡ್ತು. ಬಿಂದಿಗೆ ಹಿಡಿದು ಟ್ಯಾಂಕರ್ ಕಾಯೋ ಕೇರಿಯವರು ನಾವು. ನೀರಿನ ಲೆಕ್ಕ ನಮಗೆ ದಂಡ ಹಾಕಿ ಕಲಿಸಬೇಕಾಗಿಲ್ಲ.

ಇಷ್ಟು ಕಾರಿನ ವಿಷಯ. ಈಗ ಕೈಗಳ ವಿಷಯ. ನಾನು ಈ ಪೋಸ್ಟ್ ಬರೆಯೋಕೆ ಕೂತಿದ್ದೇ ಇದಕ್ಕೆ.

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಬೇಸ್‌ಮೆಂಟಲ್ಲಿ ಬೆಳಗಿನ ಜಾವ ಕಾರು ಒರೆಸೋ ಹುಡುಗರನ್ನ ಮಾತಾಡಿಸಿ. ಊರು ಯಾವುದು ಅಂತ ಕೇಳಿ. ರಾಯಚೂರು, ಯಾದಗಿರಿ, ಕಲಬುರಗಿ ಅಂತ ಎಷ್ಟೋ ಸಲ ಕೇಳಿಸುತ್ತೆ. ಕೇರಿ ಯಾವುದು ಅಂತ ಕೇಳೋ ಅವಶ್ಯಕತೆ ಬಹಳ ಸಲ ಬೀಳಲ್ಲ. ಒಂದು ಬಕೆಟ್ ನೀರು, ಒಂದು ಬಟ್ಟೆ, ಹತ್ತು ಕಾರು. ಒಂದು ಕಾರಿಗೆ ತಿಂಗಳಿಗೆ ಕೆಲವು ನೂರು ರೂಪಾಯಿ. ಗೀರು ಬಿದ್ರೆ ಬೈಗುಳ. ಹತ್ತು ಕಾರಿನ ಮಣ್ಣು ಕೂತ ನೀರಲ್ಲಿ ಒರೆಸು ಅಂದ್ರೆ ಗೀರು ಬೀಳದೆ ಇನ್ನೇನು ಬೀಳುತ್ತೆ? ಹತ್ತು ಲಕ್ಷದ ಕಾರು ತಗೊಂಡವರಿಗೆ ಎರಡನೇ ಬಕೆಟ್ ಕೊಡಿಸೋಕೆ ಆಗಲ್ವಾ?

ವಾಟರ್ ಸರ್ವಿಸ್ ಅಂಗಡಿಗಳ ಕಥೆ ಇನ್ನೂ ಕೆಟ್ಟದು. ಅಲಾಯ್ ವ್ಹೀಲಿನ ಕಪ್ಪು ತೆಗೆಯೋ ಕೆಲವು ಆಸಿಡ್‌ಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್, ಇಲ್ಲಾ ಅದೇ ಜಾತಿಯ ಅಮೋನಿಯಂ ಬೈಫ್ಲೋರೈಡ್ ಇರುತ್ತೆ. ಬೇರೆ ಆಸಿಡ್ ಬಿದ್ದ ಕೂಡಲೇ ಉರಿಯುತ್ತೆ, ಕೈ ಎಳ್ಕೋತೀವಿ. ಇದು ತೆಳುವಾಗಿದ್ದಾಗ ಕೂಡಲೇ ಗೊತ್ತೇ ಆಗಲ್ಲ. ಚರ್ಮ ದಾಟಿ ಒಳಗಿಳಿದು ಮೈಯಲ್ಲಿರೋ ಕ್ಯಾಲ್ಸಿಯಂ ಹಿಡ್ಕೊಳ್ಳುತ್ತೆ. ನೋವು ಗಂಟೆಗಳಾದ ಮೇಲೆ ಶುರುವಾಗುತ್ತೆ, ಅಷ್ಟೊತ್ತಿಗೆ ಒಳಗೆ ಕೊಳೆತಿರುತ್ತೆ. ಬಿದ್ದ ತಕ್ಷಣ ಚೆನ್ನಾಗಿ ನೀರು ಬಿಟ್ಟು ತೊಳೆದು ಆಸ್ಪತ್ರೆಗೆ ಓಡಬೇಕು, ಇದಕ್ಕೆ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಅನ್ನೋ ಮದ್ದು ಬೇಕು. ಲೇಬಲ್ ಇಲ್ಲದ ಕ್ಯಾನಿಂದ ಮಗ್ಗಲ್ಲಿ ಸುರಿದು ಬರಿಗೈಲಿ ತಿಕ್ಕೋ ಹದಿನೇಳು ಹದಿನೆಂಟರ ಹುಡುಗನಿಗೆ ಇದನ್ನ ಯಾರು ಹೇಳಿದ್ದಾರೆ?

ಹೊಳಪಿನ ಬೇರು ಇನ್ನೂ ದೂರ ಹೋಗುತ್ತೆ. ನನ್ನ ಕಾರಿನಂಥ ಮೆಟಾಲಿಕ್ ಬಣ್ಣಗಳಲ್ಲಿ ಮಿನುಗೋದಕ್ಕೆ ಅಭ್ರಕವನ್ನ, ಅಂದ್ರೆ ಮೈಕಾವನ್ನ ಬಳಸ್ತಾರೆ. ಜಾರ್ಖಂಡ್, ಬಿಹಾರದ ಮುಚ್ಚಿಹೋದ ಗಣಿಗಳ ಬಿಲಗಳಲ್ಲಿ ಆದಿವಾಸಿ, ದಲಿತ ಮನೆಗಳ ಮಕ್ಕಳು ಅದನ್ನ ಆಯ್ತಾರೆ. 2016ರಲ್ಲಿ ಥಾಮ್ಸನ್ ರಾಯ್ಟರ್ಸ್ ಫೌಂಡೇಶನ್ ವರದಿ ಬಂದಾಗ ಎರಡೇ ತಿಂಗಳಲ್ಲಿ ಕನಿಷ್ಠ ಏಳು ಮಕ್ಕಳು ಅಲ್ಲಿ ಸತ್ತಿದ್ದು ಹೊರಗೆ ಬಂತು. ಇನ್ನು ಕಾರ್ನೌಬಾ ಮೇಣ ಬರೋದು ಬ್ರೆಜಿಲ್‌ನ ಈಶಾನ್ಯ ಭಾಗದ ಬಡ ರಾಜ್ಯಗಳಿಂದ, ಒಂದು ತಾಳೆ ಮರದ ಎಲೆಯಿಂದ. ಅಲ್ಲಿ ಎಲೆ ಕೊಯ್ಯೋರನ್ನ ಗುಲಾಮರ ಹಾಗೆ ದುಡಿಸಿಕೊಳ್ತಿದ್ದದ್ದನ್ನ ಆ ದೇಶದ ಕಾರ್ಮಿಕ ಇಲಾಖೆಯವರೇ ಪತ್ತೆ ಹಚ್ಚಿದ್ದಾರೆ. ನೋಡಿ, ಬಣ್ಣದ ಮಿನುಗೂ ನಮ್ಮಂಥವರದೇ, ಮೇಣದ ಹೊಳಪೂ ನಮ್ಮಂಥವರದೇ, ಒರೆಸೋ ಕೈಯೂ ನಮ್ಮದೇ. ಕಾರಲ್ಲಿ ಕೂರೋದು ಮಾತ್ರ ಶೋಕಿನಾ?

ಈ ದೇಶದಲ್ಲಿ ತೊಳೆಯೋದಕ್ಕೆ ಇನ್ನೊಂದು ಅರ್ಥನೂ ಇದೆ. 2022ರ ನವೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಹೆಗ್ಗೊಠಾರದಲ್ಲಿ ದಲಿತ ಹೆಣ್ಣುಮಗಳೊಬ್ಬಳು ತೊಂಬೆ ನಲ್ಲಿಯ ನೀರು ಕುಡಿದಳು ಅಂತ ಇಡೀ ತೊಂಬೆ ಖಾಲಿ ಮಾಡಿ ಗೋಮೂತ್ರ ಹಾಕಿ ತೊಳೆದರು ಅಂತ ಪತ್ರಿಕೆಗಳೆಲ್ಲ ಬರೆದವು. ಕೊಳೆ ತೊಳೆಯೋಕೆ ನಾವು ಬೇಕು. ನಾವು ಮುಟ್ಟಿದ್ದನ್ನ ಮಾತ್ರ ಅವರು ತೊಳೀಬೇಕು!

"ಹಾಗಾದ್ರೆ ನಮ್ಮ ಹುಡುಗರು ಈ ತೊಳೆಯೋ ಕೆಲಸನೇ ಬಿಡಬೇಕಲ್ವಾ?" ಅಂತ ಕೆಲವರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಬರಿಗೈಲಿ, ಒಂದು ಬಕೆಟ್ಟಲ್ಲಿ, ಬೈಸಿಕೊಂಡು ಮಾಡೋ ಕೆಲಸ ಬಿಡಲೇಬೇಕು. ಆದ್ರೆ ಡೀಟೇಲಿಂಗ್ ಅನ್ನೋದು ಈಗ ಕೈಕಸುಬು. ಮೈಕ್ರಾನ್ ಲೆಕ್ಕ ಗೊತ್ತಿರಬೇಕು, ಪ್ಯಾಡ್ ಯಾವುದು, ಮಿಷನ್ ವೇಗ ಎಷ್ಟು, ಎಲ್ಲಿ ನಿಲ್ಲಿಸಬೇಕು ಅನ್ನೋದು ಗೊತ್ತಿರಬೇಕು. ಗಿರಾಕಿ ಕೊಡೋ 28 ಸಾವಿರದಲ್ಲಿ ಎರಡು ದಿನ ಬಗ್ಗಿ ಉಜ್ಜಿದ ಹುಡುಗನ ಕೈಗೆ ಎಷ್ಟು ಹೋಗುತ್ತೆ ಅಂತ ಕೇಳಿ ನೋಡಿ. ಕಸುಬು ನಮ್ಮದು, ಗಲ್ಲಾಪೆಟ್ಟಿಗೆ ಅವರದು. ಚರ್ಮದ ಕೆಲಸದಲ್ಲೂ ಹೀಗೇ ಆಯ್ತು. ಮೆಟ್ಟು ಹೊಲಿದವರು ಕೇರಿಯಲ್ಲೇ ಉಳಿದರು, ಶೋರೂಮ್ ಬೇರೆಯವರದಾಯ್ತು. ಇದರಲ್ಲೂ ಹಾಗಾಗೋಕೆ ಬಿಡಬಾರದು.

ಅದಕ್ಕೆ ನಾನು ಕೇಳೋದು ಮೂರು.

ಕಾರಿರೋ ಬಂಧುಗಳೇ, ನಿಮ್ಮ ಕಾರು ಒರೆಸೋರಿಗೆ ಎರಡು ಬಕೆಟ್, ನಾಲ್ಕು ಮೈಕ್ರೋಫೈಬರ್ ಬಟ್ಟೆ, ಕೈಗವಸು ಕೊಡಿಸಿ, ಕೂಲಿ ಹೆಚ್ಚಿಸಿ, ನೀವು ಕುಡಿಯೋ ಲೋಟದಲ್ಲೇ ಟೀ ಕೊಡಿ. ಅಂಗಡಿಗೆ ಬಿಟ್ಟಾಗ ಚಕ್ರಕ್ಕೆ ಏನು ಹಾಕ್ತೀರಿ ಅಂತ ಕೇಳಿ. ಆಸಿಡ್ ಅಂದ್ರೆ ಬೇಡ ಅನ್ನಿ. ಚಕ್ರ ಸ್ವಲ್ಪ ಕಪ್ಪಗಿದ್ರೆ ಯಾರ ಬೆರಳೂ ಹೋಗಲ್ಲ.

ಸಂಘಟನೆಯ ಸಂಗಾತಿಗಳೇ, ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ 2013ರಿಂದ ಇದೆ. ಟ್ಯಾಕ್ಸಿ ಕೊಳ್ಳೋಕೆ ಸಹಾಯಧನ ಕೊಡೋ ಸರ್ಕಾರ ಡೀಟೇಲಿಂಗ್ ಕಲಿತ ಹುಡುಗ ಹುಡುಗಿಯರಿಗೆ ಅಂಗಡಿ ಇಡೋ ಬಂಡವಾಳವನ್ನೂ ಕೊಡಲಿ ಅಂತ ನಮ್ಮ ಬೇಡಿಕೆ ಪಟ್ಟಿಗೆ ಸೇರಿಸೋಣ. ಭೂಮಿ ಹೋರಾಟದ ಜೊತೆಗೇ, ಅದನ್ನ ಬಿಟ್ಟಲ್ಲ.

ಸರ್ವಿಸ್ ಅಂಗಡಿಲಿ ಕೆಲಸ ಮಾಡೋ ತಮ್ಮಂದಿರೇ, ನೀವು ಬಳಸೋ ಕ್ಯಾನಿನ ಮೇಲೆ ಲೇಬಲ್ ಇದ್ರೆ ಫೋಟೊ ತೆಗೆದು ಇನ್‌ಬಾಕ್ಸಿಗೆ ಕಳಿಸಿ. ಲೇಬಲ್ ಇಲ್ಲದಿದ್ರೆ ಅದನ್ನೇ ಬರೆದು ಕಳಿಸಿ. ನಿಮ್ಮ ಹೆಸರು, ಅಂಗಡಿ ಹೆಸರು ಎಲ್ಲೂ ಹೊರಗೆ ಬರಲ್ಲ. ಎಲ್ಲ ಒಟ್ಟು ಮಾಡಿ ಕಾರ್ಮಿಕ ಇಲಾಖೆಗೆ ಮನವಿ ಕೊಡೋಣ.

ಇದನ್ನ ನಿಮಗೆ ಗೊತ್ತಿರೋ ಡ್ರೈವರ್‌ಗಳಿಗೆ, ಕಾರು ತೊಳೆಯೋರಿಗೆ ಓದಿ ಹೇಳಿ.

ಜೈಭೀಮ್.