ಸ್ವತಂತ್ರ ಗಾಯನಕ್ಕೆ ಮದ್ಯದ ಮುದ್ರೆ



ಕಲಾವಿದನಿಗೂ ಹೊಟ್ಟೆಯಿದೆ. ಅವನು ತನ್ನ ದುಡಿಮೆಗೆ ತಕ್ಕ ಬೆಲೆಯನ್ನು ಕೇಳಿದರೆ ದೋಷವೇನೂ ಇಲ್ಲ. ಆದರೆ ಕೊಳ್ಳುವವನು ಯಾರು, ಯಾವ ಉದ್ದೇಶಕ್ಕಾಗಿ ಕೊಳ್ಳುತ್ತಾನೆ ಎಂಬುದನ್ನು ವಿಚಾರಿಸದೆ ಮಾರುವುದು ಯುಕ್ತವೇ? ಪಾಶ್ಚಾತ್ಯ ದೇಶಗಳಲ್ಲಿ ‘ಇಂಡೀ ಬ್ಯಾಂಡ್’ ಎನಿಸಿಕೊಂಡ ಸ್ವತಂತ್ರ ವಾದ್ಯವೃಂದಗಳು ತಮ್ಮ ಹಾಡುಗಳನ್ನು ಮದ್ಯದ ಜಾಹೀರಾತುಗಳಿಗೆ ಒಪ್ಪಿಸುವುದನ್ನು ಕಂಡಾಗ ಈ ಪ್ರಶ್ನೆಯನ್ನು ಕೇಳದೆ ಗತ್ಯಂತರವಿಲ್ಲ.

ಹಾಡೊಂದರಲ್ಲಿ ಎರಡು ಹಕ್ಕುಗಳಿರುತ್ತವೆ: ರಚನೆಯ ಹಕ್ಕು ಒಂದು, ಧ್ವನಿಮುದ್ರಣದ ಹಕ್ಕು ಇನ್ನೊಂದು. ಜಾಹೀರಾತಿಗೆ ಎರಡರ ಅನುಮತಿಯೂ ಬೇಕು. ದೊಡ್ಡ ಕಂಪೆನಿಗಳ ಗಾಯಕರ ವಿಷಯದಲ್ಲಿ ಇವು ಸಾಮಾನ್ಯವಾಗಿ ಪರರ ಕೈಯಲ್ಲಿರುತ್ತವೆ. ಸ್ವತಂತ್ರ ವೃಂದಗಳಲ್ಲಾದರೋ ಅನೇಕ ವೇಳೆ ಎರಡೂ ಅವರಲ್ಲಿಯೇ ಉಳಿದಿರುತ್ತವೆ. ಹಕ್ಕು ಯಾರದೋ ಹೊಣೆಯೂ ಅವರದೇ ಅಲ್ಲವೇ?

ಡೆನ್ಮಾರ್ಕಿನ ‘ದಿ ಆಸ್ಟರಾಯ್ಡ್ಸ್ ಗ್ಯಾಲಕ್ಸಿ ಟೂರ್’ ಎಂಬ ವೃಂದದ ಹಾಡು ಹೈನೆಕೆನ್ ಬಿಯರಿನ ಜಾಹೀರಾತಿನಿಂದಲೇ ಲೋಕಪ್ರಸಿದ್ಧವಾಯಿತು. ಅದೇ ಕಂಪೆನಿ 2011ರಲ್ಲಿ ಮತ್ತೊಂದು ಜಾಹೀರಾತಿಗೆ, 1965ರ ‘ಗುಮ್‌ನಾಮ್’ ಚಿತ್ರಕ್ಕಾಗಿ ಮೊಹಮ್ಮದ್ ರಫಿಯವರು ಹಾಡಿದ ‘ಜಾನ್ ಪೆಹಚಾನ್ ಹೋ’ ಗೀತೆಯನ್ನು ಬಳಸಿತು. ರಫಿಯವರು 1980ರಲ್ಲಿಯೇ ಕಾಲವಶರಾಗಿದ್ದರು. ಮೃತರು ಒಲ್ಲೆನೆನ್ನಲಾರರು, ಬದುಕಿರುವವರು ಎನ್ನಬಲ್ಲರು. ಎನ್ನದಿದ್ದರೆ ಅದು ಅವರ ಆಯ್ಕೆಯೇ ಸರಿ.

‘ನಮ್ಮ ಹಾಡು ಕುಡಿಯಿರೆಂದು ಹೇಳುವುದಿಲ್ಲವಲ್ಲ’ ಎಂಬುದು ಅವರ ಮೊದಲನೆಯ ಸಮಾಧಾನ. ಈಚಲು ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಹೆಂಡವೆನ್ನುವರೆಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಮದ್ಯದ ವ್ಯಾಪಾರಿ ಕೊಳ್ಳುವುದು ಸ್ವರವನ್ನಷ್ಟೇ ಅಲ್ಲ. ಆ ಸ್ವರದ ಮೇಲೆ ತರುಣರು ಇಟ್ಟಿರುವ ಪ್ರೀತಿಯನ್ನು, ನಂಬಿಕೆಯನ್ನು. ಆ ನಂಬಿಕೆ ಶ್ರೋತೃಗಳದು. ಅದನ್ನು ಮಾರುವ ಅಧಿಕಾರವನ್ನು ವೃಂದಕ್ಕೆ ಕೊಟ್ಟವರಾರು?

ಇದರ ಫಲವನ್ನು ಎರಿಕ್ ಕ್ಲ್ಯಾಪ್ಟನ್ ಸ್ವತಃ ಉಂಡರು. 1987ರಲ್ಲಿ ಅವರು ತಮ್ಮ ಹಳೆಯ ಹಾಡೊಂದನ್ನು ಮಿಕೆಲೋಬ್ ಬಿಯರಿಗಾಗಿ ಪುನಃ ಹಾಡಿಕೊಟ್ಟರು. ಆ ಜಾಹೀರಾತು ದೂರದರ್ಶನದಲ್ಲಿ ಮೂಡಿದಾಗ ಅವರು ಮಿನ್ನೆಸೋಟದ ಚಿಕಿತ್ಸಾಲಯದಲ್ಲಿ, ಕುಡಿತ ಬಿಡಲು ಹೆಣಗುತ್ತಿದ್ದವರ ನಡುವೆ ತಾವೂ ಒಬ್ಬರಾಗಿ ಕುಳಿತಿದ್ದರಂತೆ! ಇದಕ್ಕಿಂತ ಕಠೋರವಾದ ವಿಮರ್ಶೆಯನ್ನು ಯಾರು ತಾನೇ ಬರೆಯಬಲ್ಲರು? ಮುಂದೆ 1998ರಲ್ಲಿ ಆಂಟಿಗುವಾ ದ್ವೀಪದಲ್ಲಿ ವ್ಯಸನಿಗಳ ಚಿಕಿತ್ಸೆಗೆ ಕೇಂದ್ರವನ್ನು ಸ್ಥಾಪಿಸಿದವರೂ ಅವರೇ. 2019ರ ಒಂದೇ ವರ್ಷದಲ್ಲಿ ಮದ್ಯದಿಂದಾಗಿ ಸುಮಾರು 26 ಲಕ್ಷ ಜನ ಮೃತರಾದರೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ.

‘ಜೀವನೋಪಾಯಕ್ಕೆ ಬೇರೆ ದಾರಿಯೇನು?’ ಎಂಬುದು ಎರಡನೆಯ ಸಮಾಧಾನ. ಈ ಮಾತಿನಲ್ಲಿ ಸತ್ಯವಿದೆ. ಧ್ವನಿಮುದ್ರಿಕೆಗಳ ಮಾರಾಟ ಕುಸಿದಿದೆ; ಅಂತರಜಾಲದಲ್ಲಿ ಹಾಡನ್ನು ಒಮ್ಮೆ ಕೇಳಿದರೆ ದೊರೆಯುವುದು ಕೆಲವೇ ಪೈಸೆಗಳು. ಆದರೆ ಬಡತನವು ಎಲ್ಲ ಜಾಹೀರಾತಿಗೂ ಒಪ್ಪಿಗೆಯಾಗಲಾರದು. ‘ಮದ್ಯಕ್ಕೆ ಮಾತ್ರ ಕೊಡುವುದಿಲ್ಲ’ ಎಂಬ ಒಂದು ವಾಕ್ಯವನ್ನು ಕರಾರಿನಲ್ಲಿ ಬರೆಸಲು ಯಾವ ಕಾನೂನೂ ಅಡ್ಡಿಯಿಲ್ಲ. ದೊಡ್ಡ ಕಂಪೆನಿಯ ನೊಗವನ್ನು ಕಿತ್ತೊಗೆದು ಬಿಯರ್ ಕಂಪೆನಿಯ ನೊಗಕ್ಕೆ ಹೆಗಲು ಕೊಡುವುದು ಸ್ವಾತಂತ್ರ್ಯವೆನಿಸೀತೇ? 1988ರಲ್ಲಿ ನೀಲ್ ಯಂಗ್ ಅವರು ಇಂತಹ ಮಾರಾಟವನ್ನೇ ಅಣಕಿಸಿ ‘ದಿಸ್ ನೋಟ್ಸ್ ಫಾರ್ ಯೂ’ ಎಂಬ ಹಾಡನ್ನು ಹಾಡಿದರು. ಅದರ ಚಿತ್ರಿಕೆಯನ್ನು ತೋರಿಸಲು ಮೊದಲು ನಿರಾಕರಿಸಿದ ಎಂ.ಟಿ.ವಿ., 1989ರಲ್ಲಿ ಅದಕ್ಕೇ ವರ್ಷದ ಶ್ರೇಷ್ಠ ಚಿತ್ರಿಕೆಯೆಂಬ ಪ್ರಶಸ್ತಿಯನ್ನು ಕೊಡಬೇಕಾಯಿತು.

ಇದು ಪರದೇಶದ ಮಾತೆಂದು ನಾವು ನಿಶ್ಚಿಂತರಾಗುವಂತಿಲ್ಲ. ನಮ್ಮ ಕೇಬಲ್ ದೂರದರ್ಶನದ ನಿಯಮಗಳು ಮದ್ಯದ ಪ್ರಚಾರವನ್ನು ನಿಷೇಧಿಸಿವೆ. ಬಾಗಿಲು ಮುಚ್ಚಿದರೆ ಕಿಟಕಿಯಿದೆ: ಸೋಡಾ, ನೀರು, ಸಂಗೀತಮುದ್ರಿಕೆ ಮೊದಲಾದವುಗಳ ಮೇಲೆ ಅದೇ ಹೆಸರು ರಾರಾಜಿಸುತ್ತದೆ. 2010ರಲ್ಲಿ ಪುಣೆಯಲ್ಲಿ ಆರಂಭವಾಗಿ ಬೆಂಗಳೂರಿಗೂ ಬಂದ ಎನ್.ಎಚ್.7 ವೀಕೆಂಡರ್ ಎಂಬ ಸ್ವತಂತ್ರ ಸಂಗೀತದ ಉತ್ಸವವು ಬಕಾರ್ಡಿಯ ಹೆಸರನ್ನು ಹಲವು ವರ್ಷ ಹಣೆಯ ಮೇಲೆ ಹೊತ್ತಿತ್ತು.

ಮಹನೀಯರೇ, ದೂರುವುದಷ್ಟರಿಂದ ನಮ್ಮ ಕರ್ತವ್ಯ ಮುಗಿಯುವುದಿಲ್ಲ. ಹಾಡನ್ನು ಪುಕ್ಕಟೆಯಾಗಿ ಕೇಳಿ ಗಾಯಕನನ್ನು ಉಪವಾಸ ಕೆಡಹುವವರು ನಾವೇ. ಹಸಿದವನ ಬಾಗಿಲಿಗೆ ಮದ್ಯದ ವ್ಯಾಪಾರಿ ಬರುವುದು ಆಮೇಲೆ. ಮೆಚ್ಚಿದ ಹಾಡಿಗೆ ಹಣ ಕೊಡೋಣ, ಕಛೇರಿಗೆ ಚೀಟಿ ಕೊಂಡು ಹೋಗೋಣ. ಆಗ ಗಾಯಕನಿಗೆ ‘ಒಲ್ಲೆ’ ಎನ್ನುವ ಧೈರ್ಯ ಬಂದೀತು; ಅನಂತರವೂ ಅವನು ಎನ್ನದಿದ್ದರೆ, ಅವನ ಹಾಡನ್ನು ಒಲ್ಲೆವೆನ್ನುವ ಅಧಿಕಾರ ನಮಗಿರುತ್ತದೆ.